ವೇಗ: ಗೊತ್ತಿಲ್ಲ

ಬರೆಯುವಾಗ ಲಿಯೋಮಿನ್‌ಸ್ಟರ್, ಬಾಯಲ್ಲಿ ಲೆಮ್‌ಸ್ಟರ್.
ಬಂದ ಮೊದಲ ವಾರವೇ ತಿಳಿದಿತ್ತು,
ಈ ಊರಲ್ಲಿ ಫಲಕ ಒಂದು, ಪಲುಕು ಇನ್ನೊಂದು.

ಅಕ್ಟೋಬರ್, ರಾತ್ರಿ ಪಾಳಿ. ಸೈಡರ್ ಕಾರ್ಖಾನೆಯ ಅಂಗಳದಲ್ಲಿ
ಸೇಬು ತುಂಬಿದ ಗಾಡಿಗಳು ಒಂದೊಂದಾಗಿ
ತೂಕದ ಕಟ್ಟೆ ಏರಿ, ನಿಟ್ಟುಸಿರಿಟ್ಟು ಇಳಿಯುತ್ತವೆ.
ಗಾಜಿನ ಗೂಡಲ್ಲಿ ಗ್ಲೆನಿಸ್ ಪ್ರೋಬರ್ಟ್,
ಕಿವಿಯಲ್ಲಿ ಪೆನ್ಸಿಲು, ಮೊಣಕಾಲ ಬಳಿ ಹೀಟರು.
ಅವಳು ಓದಿದ ಟನ್ನು ನನ್ನ ಸರ್ವರಿಗೆ ಬಂದು ಸೇರಬೇಕು.
ಸೇರುತ್ತಿದೆ. ತೊಂದರೆ ಅದಲ್ಲ.

ತೊಂದರೆ ಸರ್ವರಿನ ಕಾರ್ಡಿನದು.
ಕಾರ್ಡು ಅಂದರೆ ಕಾರ್ಡಲ್ಲ. ಹಸಿರು ಹಲಗೆಯಿಲ್ಲ, ಬೆಸುಗೆಯಿಲ್ಲ,
ಮಿಣುಕುವ ದೀಪವಿಲ್ಲ, ಚುಚ್ಚಲು ತಂತಿಯಿಲ್ಲ.
ಕಬ್ಬಿಣದ ಒಂದು ಯಂತ್ರ ತನ್ನೊಳಗೆ
ಹನ್ನೊಂದು ಯಂತ್ರಗಳನ್ನು ಊಹಿಸಿಕೊಂಡಿದೆ;
ಊಹೆಯ ಪ್ರತಿ ಯಂತ್ರಕ್ಕೂ ಊಹೆಯ ಒಂದು ಕಾರ್ಡು.
ನಿನ್ನ ವೇಗವೆಷ್ಟು ಎಂದು ಡ್ರೈವರನ್ನು ಕೇಳಿದರೆ
ಗೊತ್ತಿಲ್ಲ ಅನ್ನುತ್ತದೆ.
ಸುಳ್ಳಾಡದ ಪ್ರಾಣಿ.

ಗೊತ್ತಿಲ್ಲ ಎಂಬುದಕ್ಕೆ ಅದರ ಭಾಷೆಯಲ್ಲಿ ಮೈನಸ್ ಒಂದು.
ಹಿಡಿದಿಡುವ ಡಬ್ಬಿಗೋ ಮೈನಸ್ಸೇ ಅರ್ಥವಾಗದು.
ಹಾಗಾಗಿ ತೆರೆಯ ಮೇಲೆ ನಾನು ಓದುತ್ತೇನೆ:
ನಾನೂರ ಇಪ್ಪತ್ತೊಂಬತ್ತು ಕೋಟಿ
ನಲವತ್ತೊಂಬತ್ತು ಲಕ್ಷ
ಅರವತ್ತೇಳು ಸಾವಿರದ
ಇನ್ನೂರ ತೊಂಬತ್ತೈದು.
ಡಬ್ಬಿಯಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ.
ಅಷ್ಟಗಲದ ದಾರಿಯಲ್ಲಿ ಎಷ್ಟು ಸೇಬು ಬಂದರೂ
ಗ್ರಾಫಿನ ಗೆರೆ ನೆಲ ಬಿಟ್ಟು ಏಳದು:
ಸೊನ್ನೆ, ಸೊನ್ನೆ, ಸೊನ್ನೆ.
ಚಿಕ್ಕವಳನ್ನು ಜೂಟಾಟಕ್ಕೆ ಅಕ್ಕಂದಿರು
ಸೇರಿಸಿಕೊಳ್ಳುತ್ತಿದ್ದ ಹಾಗೆ:
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಸರಿ, ಒಂದು ಸಂಖ್ಯೆ ಹೇಳಿಕೊಡೋಣ. ಯಾವುದು?
ಕೆಳಗಿರುವ ನಿಜದ ತಂತಿ ಹತ್ತು ಸಾವಿರ ಮೆಗಾಬಿಟ್.
ಹನ್ನೊಂದಕ್ಕೆ ಹಂಚಿದರೆ ಒಂಬೈನೂರು ಚಿಲ್ಲರೆ.
ಆದರೆ ಹನ್ನೊಂದಕ್ಕೂ ಒಟ್ಟಿಗೆ ಹಸಿವಾದದ್ದು ಯಾವತ್ತು?
ನಾನು ಏನೇ ಬರೆದರೂ ಒಂದೇ ಒಂದು ಬಿಟ್ಟು
ಬೇಗ ಓಡದು, ತಡವೂ ಆಗದು.
ಅದು ಚಾಟಿಯಲ್ಲ, ಕಡಿವಾಣವಲ್ಲ;
ಕೇಳಿದವರಿಗೆ ಹೇಳುವ ಉತ್ತರ, ಅಷ್ಟೆ.

ಟೀ ಹಿಡಿದು ಹೋಗಿ ಗ್ಲೆನಿಸ್‌ಗೆ ಹೇಳಿದೆ.
ಅವಳು ಕಟ್ಟೆಯ ಪಕ್ಕದ ತಗಡಿನತ್ತ ಗದ್ದ ಚಾಚಿದಳು. ಗರಿಷ್ಠ ಐವತ್ತು ಟನ್.
‘ಇಪ್ಪತ್ತಾರು ವರ್ಷದಲ್ಲಿ ಐವತ್ತು ಯಾರೂ ತಂದಿಲ್ಲ.
ಆ ತಗಡು ಕಿತ್ತು ನೋಡು,
ನನ್ನ ತಕ್ಕಡಿಯನ್ನ ಯಾರೂ ತಕ್ಕಡಿ ಅನ್ನಲ್ಲ.’

ಮರಳಿ ಬಂದು ಟೈಪಿಸಿದೆ. ವೇಗ, ಹತ್ತು ಸಾವಿರ.
ಡ್ಯುಪ್ಲೆಕ್ಸ್, ಪೂರ್ಣ.
ಪೂರ್ಣ ಅಂದರೆ ಹೇಳುತ್ತಿರುವಾಗಲೇ ಕೇಳಿಸಿಕೊಳ್ಳುವುದು;
ನಮ್ಮ ಮನೆಯಲ್ಲಿ ಯಾರಿಗೂ ಒಲಿಯದ ವಿದ್ಯೆ.
ಗೆರೆ ಮೆಲ್ಲಗೆ ತಲೆಯೆತ್ತಿತು. ಶೇಕಡಾ ಮೂರು.

ಹೋದ ತಿಂಗಳೂ ಇಷ್ಟೇ ಮಾಡಿದ್ದೆ.
ಯಂತ್ರ ಮಲಗಿ ಎದ್ದಿತು, ಕಲಿಸಿದ್ದು ಮರೆತಿತು,
ಮತ್ತೆ ಗೊತ್ತಿಲ್ಲ. ಈ ಸಲ
ಅದು ಹುಟ್ಟುವ ಮೊದಲೇ ಓದಲ್ಪಡುವ ಕಡತದಲ್ಲಿ
ಬರೆದಿಟ್ಟು ಬಂದೆ. ಹಣೆಬರಹ.

ಬೆಳಗಿನ ಜಾವ. ಊರು ದಾಟಿದೊಡನೆ
ಬಿಳಿ ದುಂಡು ಫಲಕ, ಓರೆಯಾಗಿ ಒಂದು ಕಪ್ಪು ಪಟ್ಟೆ:
ಗಂಟೆಗೆ ಅರವತ್ತು ಮೈಲಿಗೆ ಅಪ್ಪಣೆ.
ಅದರಾಚೆ ದಾರಿ ಒಂದೇ ಗಾಡಿಯಗಲ,
ಎರಡೂ ಕಡೆಯ ಮುಳ್ಳುಬೇಲಿ ಕನ್ನಡಿ ಸವರುತ್ತದೆ.
ಮುಂದೆ, ಸೇಬು ಇಳಿಸಿ ಹೊರಟ ಟ್ರಾಕ್ಟರು.
ಹನ್ನೆರಡು ಮೈಲಿ. ಕೆಲವೊಮ್ಮೆ ಹತ್ತು.

ಟ್ರೇಲರಿನ ಹಲಗೆಯ ಸಂದಿಯಿಂದ ಒಂದು ಸೇಬು ಉದುರಿ
ಹೆಡ್‌ಲೈಟಿನ ಬೆಳಕಲ್ಲಿ ಉರುಳಿತು. ಬ್ರೇಕು ಒತ್ತಿದೆ.
ಗಾಡಿ ತುಂಬಿದ್ದಾಗ ಗ್ಲೆನಿಸ್ ತೂಗಿದ್ದರಲ್ಲಿ ಇದು ಇತ್ತು,
ಖಾಲಿಯೆಂದು ತೂಗಿದ್ದರಲ್ಲೂ ಇತ್ತು;
ಕಳೆದು ನೋಡಿದರೆ ಇಲ್ಲ.

ಇಳಿದು ಎತ್ತಿಕೊಂಡೆ, ತೋಳಿಗೆ ಒರೆಸಿ ಕಚ್ಚಿದೆ.
ಒಗರು.
ಟ್ರಾಕ್ಟರಿನ ಕೆಂಪು ದೀಪ ತಿರುವಿನಲ್ಲಿ ಮರೆಯಾಗುವವರೆಗೂ
ಅಲ್ಲೇ ನಿಂತು ತಿಂದೆ.