ಮುಂದಿನವರು

ಶ್ಕೋಫ್ಯಾ ಲೋಕಾದ ಅಗ್ನಿಶಾಮಕ ಠಾಣೆಯ ಹಿಂದೆ
ಜೇನುಸಾಕಣೆ ಸಂಘದ ಕೋಣೆ. ಹೀಟರಿನಲ್ಲಿ ಒಂದೇ ಕಡ್ಡಿ ಕೆಂಪು.
ಡಿಸೆಂಬರಿನ ಎರಡನೇ ವಾರ, ಗೂಡಿನಲ್ಲಿ ಮರಿಯಿಲ್ಲದ ಕಾಲ,
ನುಸಿಗೆ ಮದ್ದು ಹಾಕಲು ಇದೇ ಹದ.
ಮುನ್ನೂರ ಹನ್ನೆರಡು ಸದಸ್ಯರಿಗೆ ತಿಳಿಸಬೇಕು:
ಶುಕ್ರವಾರ ಬನ್ನಿ, ಆಮ್ಲದ ಸೀಸೆ ಒಯ್ಯಿರಿ,
ಕೈಗವಸು ಮರೆಯಬೇಡಿ.

ನನಗಿಂತ ಹಿಂದಿನ ಕಾರ್ಯದರ್ಶಿ ಲುಡ್ವಿಕ್
ಕಾರ್ಬನ್ ಹಾಳೆ ಇಟ್ಟು ಬರೆದು, ಅಂಚೆಚೀಟಿ ನೆಕ್ಕಿ ನೆಕ್ಕಿ ಅಂಟಿಸುತ್ತಿದ್ದ;
ಸಂಜೆಯ ಹೊತ್ತಿಗೆ ಅವನ ಮಾತೆಲ್ಲ ಅಂಟು.
ನನಗೆ ಆಕ್ಸೆಸ್ ಇದೆ. ಕೋಷ್ಟಕದ ಹೆಸರು 'ಸದಸ್ಯರು'.
ತೆರೆ. ಹೆಸರು ಓದು. ಪತ್ರ ಮಾಡು. ಕಳಿಸು.
ಮುಂದಿನವರ ಬಳಿ ಹೋಗು.
ಮುಗಿಯುವ ತನಕ ಇಷ್ಟೇ.

ಪರೀಕ್ಷೆಗೆಂದು ಎಲ್ಲವನ್ನೂ ನನಗೇ ಕಳಿಸಿಕೊಂಡೆ.
ಒತ್ತಿದ್ದೇ ತಡ, ಪರದೆಯ ನಡುವೆ ಹಳದಿ ತ್ರಿಕೋನ:
'ನಿಮ್ಮ ಹೆಸರಿನಲ್ಲಿ ಬೇರೊಂದು ಪ್ರೋಗ್ರಾಂ
ಪತ್ರ ಕಳಿಸಲು ನೋಡುತ್ತಿದೆ. ಬಿಡಲೇ?'
ಮೂವತ್ತೊಂದು ವರ್ಷ ನನ್ನ ಪರವಾಗಿ ಮಾತಾಡಿದ ಗಂಡ
ಒಮ್ಮೆಯೂ ಹೀಗೆ ಕೇಳಿದವನಲ್ಲ.
ಬಿಡು, ಅಂದೆ. ಮತ್ತೆ ಕೇಳಿತು. ಬಿಡು. ಮತ್ತೆ.
ಪತ್ರಕ್ಕೊಂದು ಅಪ್ಪಣೆ.
ಇಪ್ಪತ್ತಕ್ಕೇ ತೋರುಬೆರಳು ಬೇಸತ್ತು
ಸೆಟ್ಟಿಂಗಿನ ಒಳಹೊಕ್ಕು ಆ ಕಾವಲುಗಾರನ ಬಾಯಿ ಮುಚ್ಚಿಸಿದೆ.

ನಲವತ್ತೊಂದನೇ ಹೆಸರಿಗೆ ಬಂದು ಗಾಡಿ ನಿಂತಿತು.
ತಪ್ಪಿನ ಸಂಖ್ಯೆ ತೊಂಬತ್ತನಾಲ್ಕು. ವಿಳಾಸದ ಜಾಗದಲ್ಲಿ ನಲ್.
ಸೊನ್ನೆಯಲ್ಲ ಅದು, ಬರೀ ಖಾಲಿಯೂ ಅಲ್ಲ,
'ಈವರೆಗೆ ಯಾರೂ ಹೇಳಿಲ್ಲ' ಎಂಬುದಕ್ಕೆ ಯಂತ್ರದ ಪದ.
ನನಗೆ ಗೊತ್ತು. ಅದು ಸೋರಿತ್ಸಾದ ಮೇಲಿನ ತಿರುವಿನ ರೊಝಾಲಿಯಾ;
ಆಕೆಗೆ ಸುದ್ದಿ ಮುಟ್ಟಬೇಕಾದರೆ ಹಾಲಿನ ಲಾರಿಯವನಿಗೆ ಹೇಳಬೇಕು.
ಅಂಥವರು ಹದಿನೇಳು. ಅವರನ್ನು ದಾಟಿಸಲು ಒಂದು 'ಇದ್ದರೆ' ಬರೆದೆ.
ಬರೆಯುವ ಗಡಿಬಿಡಿಯಲ್ಲಿ ಕೆಳಗಿನ ಸಾಲೊಂದು ಅಳಿಸಿದ್ದು ಕಾಣಲಿಲ್ಲ.
ನನ್ನ ವಿಳಾಸ ತೆಗೆದು ಅವರವರದನ್ನು ಹಾಕಿ
ಒತ್ತಿ
ಚಹಾಕ್ಕೆ ನೀರಿಡಲು ಎದ್ದೆ.

ಪಟ್ಟಿಯ ಮೊದಲ ಹೆಸರು ಅಹಾಚಿಚ್, ವಿಂಕೊ. ಹನ್ನೊಂದು ಪೆಟ್ಟಿಗೆ.
ಕಣ್ಣು ಕಟ್ಟಿದ ಗಾಣದೆತ್ತಿನಂತೆ ಪ್ರೋಗ್ರಾಂ
ಅವನೊಬ್ಬನ ಸುತ್ತಲೇ ಸುತ್ತುತ್ತಿತ್ತು.

ಫೋನು ಹೊಡೆದುಕೊಂಡಿತು. 'ಶುಕ್ರವಾರ ತಾನೇ, ನೆವೆಂಕಾ?
ಇದು ನೂರ ಅರವತ್ತಮೂರನೆಯದು.'
ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಕಿತ್ತ ವೈರು, ನಾನು.
ಅವನ ದನಿಯಲ್ಲಿ ಸಿಟ್ಟಿರಲಿಲ್ಲ.
'ಮೊದಲನೆಯದಕ್ಕೆ ಸರಿ ಅಂದೆ. ಐದನೆಯದಕ್ಕೆ ನಗು ಬಂತು.
ಮೂವತ್ತು ದಾಟಿದ ಮೇಲೆ ಅನ್ನಿಸಿತು,
ನೀನು ಸುಮ್ಮಸುಮ್ಮನೆ ಕೂಗುವವಳಲ್ಲ.
ಟಾರ್ಚು ಹಿಡಿದು ಹಿಮಕ್ಕಿಳಿದು ಒಂದೊಂದಕ್ಕೂ ಕಿವಿಯಿಟ್ಟೆ.
ಆರನೆಯದು, ಅದೇ, ಬೇಟೆಗಾರನ ಹೆಣವನ್ನು ಮೃಗಗಳೇ ಹೊತ್ತೊಯ್ಯುವ
ಚಿತ್ರದ ಹಲಗೆ ಇರುವುದು,
ಸದ್ದಿಲ್ಲ. ಇಲಿ ನುಗ್ಗಿದೆ. ಮೇಣದ ಪುಡಿ ಬಾಗಿಲ ತನಕ.'
ಇಬ್ಬರೂ ಒಂದಿಷ್ಟು ಹೊತ್ತು ಮಾತಾಡಲಿಲ್ಲ.
'ಉಳಿದವು?'
'ಗುಂಯ್ ಅನ್ನುತ್ತಿವೆ. ಬಾಗಿಲಿಗೆಲ್ಲ ಜಾಲರಿ ಬಡಿದೆ ಈಗ.
ಬೆರಳಿನ ಅರಿವಿಲ್ಲ.'

ಅಳಿಸಿದ ಸಾಲು ಮರಳಿ ಹಾಕಿದೆ: ಮುಂದಿನವರ ಬಳಿ ಹೋಗು.
ಅಲ್ಯಾಂಚಿಚ್, ಬೆನೆಡಿಚಿಚ್, ಚಾದೆಶ್,
ಒಬ್ಬರ ಬೆನ್ನಿಗೊಬ್ಬರು ಹೊಸ್ತಿಲು ದಾಟಿದರು;
ಕೊನೆಗೆ ಝ್ವೋಕೆಲ್ ಬಾಗಿಲೆಳೆದುಕೊಂಡ.
ಔಟ್‌ಬಾಕ್ಸಿನಲ್ಲಿ ಮಾತ್ರ ಒಂದು ಪತ್ರ ತಡೆದು ನಿಂತಿತ್ತು.
ತೆರೆದು ನೋಡಿದರೆ ಹೊರಡುವುದಿಲ್ಲ, ಅದರ ಸ್ವಭಾವ ಹಾಗೆ.
ಮುಖ ತಿರುಗಿಸಿ ಕೂತೆ. ಹೋಯಿತು.
ಹದಿನೇಳು ಮಂದಿಗೆ ಕೈಯಲ್ಲೇ ಬರೆದೆ.
ಲುಡ್ವಿಕ್‌ನ ಅಂಟಿನ ರುಚಿ ನಾಲಗೆಯ ಮೇಲೆ ರಾತ್ರಿಯಿಡೀ.

ಶುಕ್ರವಾರ ಸಾಲಿನಲ್ಲಿ ಮೊದಲು ನಿಂತವನು ಅಹಾಚಿಚ್.
ಮದ್ದು ಹತ್ತಕ್ಕೆ ಸಾಕು ಅಂದ.
ಪುಸ್ತಕದಲ್ಲಿ ಸಹಿ ಹಾಕುತ್ತಾ ತಲೆಯೆತ್ತದೆ ಕೇಳಿದ:
'ತಲುಪಿತು ಅಂತ ಉತ್ತರ ಬರೆಯಬೇಕಲ್ಲ,
ನೂರ ಅರವತ್ತಮೂರರಲ್ಲಿ
ಯಾವುದಕ್ಕೆ?'