ಜೋಡುನಳಿಗೆ

ನಿಜ್ವಾ ಕೋಟೆಯ ಹಿಂದಿನ ಗಲ್ಲಿ,
ಖಂಜರ್ ಅಂಗಡಿ ದಾಟಿ ಮೂರನೆಯದು.
ಖಲ್ಫಾನಜ್ಜ ಕಂಬಳಿ ಬಿಚ್ಚಿ
ಗಾಜಿನ ಮೇಲೆ ಮಲಗಿಸಿದರು,
ಜಾಂಜಿಬಾರಿನಿಂದ ಅಪ್ಪನ ಜೊತೆ ಹಡಗಿಳಿದ ಕೋವಿ.

ನಾನೂರ ಎಪ್ಪತ್ತರ ತೋಟಾ ಇದೆಯೇ?

ನಾನು ಭಟ್ಕಳದವನು, ಲೆಕ್ಕ ಬರೆಯುವವನು.
ತೋಟಕ್ಕೂ ತೋಟಾಕ್ಕೂ ನನ್ನ ಕನ್ನಡದಲ್ಲಿ
ಒಂದು ದೀರ್ಘದಷ್ಟೇ ದೂರ.

ತಗಡಿನ ಡಬ್ಬಿಯಲ್ಲಿ ಹನ್ನೊಂದು.
ನಾಲ್ಕರ ಕತ್ತಿಗೆ ಹಸಿರು ಕಿಲುಬು, ಬದಿಗೆ.
ಒಂದರ ಬೆನ್ನಲ್ಲಿ ಸೂಜಿ ಬಡಿದ ಗುಳಿ,
ಎಂದೋ ಸಿಡಿಯದೆ ಉಳಿದದ್ದು;
ಅದನ್ನು ಮಲಗಿದ ಮಗುವಿನಂತೆ ಸರಿಸಿದರು.

ಹೊಸದು ದುಬೈಯಿಂದ ತರಿಸೋಣ, ಅಗ್ಗ, ಎಂದೆ.
ಅಜ್ಜ ನಕ್ಕರು.
ಈ ನಳಿಗೆಗಳು ಅಣ್ಣತಮ್ಮ, ಮಗಾ.
ಬೆಸೆದವನು ಯಾವ ಮದ್ದಿಗೆ ಹೊಂದಿಸಿದನೋ
ಅದನ್ನೇ ಕೊಟ್ಟರೆ ಎಂಬತ್ತು ಹೆಜ್ಜೆಯಾಚೆ ಕೂಡುತ್ತವೆ.
ಬದಲಿಸಿದೆಯೋ,
ಒಬ್ಬ ಮಸ್ಕತ್ತಿಗೆ, ಒಬ್ಬ ಮೊಂಬಾಸಕ್ಕೆ.

ಮತ್ತೆ ಆಯ್ಕೆ. ಮೆದು ಮೂಗಿನದೋ, ಗಟ್ಟಿಯದೋ?
ಮೆದುವಾದದ್ದು ಸಿಂಹಕ್ಕೆ, ಒಳಗೆ ಹೋಗಿ ಬಿರಿಯುತ್ತದೆ.
ಗಟ್ಟಿಯದು ಆನೆಗೆ, ಎಲುಬು ಸಿಕ್ಕರೂ ನಿಲ್ಲದು.
ನಿಜ್ವಾದಲ್ಲಿ ಇರುವುದು ಆಡು,
ಅದೂ ಶುಕ್ರವಾರದ ಸಂತೆಯಲ್ಲಿ, ಹಗ್ಗದ ತುದಿಗೆ.
ನಾನು ಕೇಳಲಿಲ್ಲ.
ಬಹಳ ಹೊತ್ತು ಅಂಗೈಯಲ್ಲಿ ತೂಗಿ
ಗಟ್ಟಿಯವೇ ಎರಡು ತೆಗೆದರು.

ಪರವಾನಗಿ ನೋಡಿದೆ, ರಿಜಿಸ್ಟರ್ ತೆರೆದೆ.
ಉದ್ದೇಶ ಎಂಬ ಕಾಲಂ ಬಂದಾಗ ಪೆನ್ನು ನಿಂತಿತು.
ಗಡ್ಡ ಕೆರೆದುಕೊಂಡರು ಅಜ್ಜ.
ಖಾಲಿಯಿದ್ದರೆ ಕೋವಿ ಅಪ್ಪನ ಕೈಯಲ್ಲಿದ್ದಂತೆ ತೂಗುವುದಿಲ್ಲ,
ಹಾಗೆಂದು ಬರಿ.

ಬರೆದೆ: ತೂಕಕ್ಕೆ.
ಹನ್ನೊಂದರಲ್ಲಿ ಎರಡು ಕಳೆದು ಒಂಬತ್ತು,
ಅದರಲ್ಲಿ ಐದು ಕೆಟ್ಟವು.