ಬಂಗುಡೆ ಕಣ್ಣಿನ ಬಲೆ

ಬೋಟುಗಳೆಲ್ಲ ಮೂಗಿಗೆ ಮೂಗು ತಾಗಿಸಿಕೊಂಡು
ದಕ್ಕೆಯಲ್ಲಿ ಸುಮ್ಮನೆ ನಿಂತ ಎರಡು ತಿಂಗಳು.
ಕಡಲಿಗಿಳಿಯುವ ಹಾಗಿಲ್ಲ, ಮೀನಿಗೆ ಹೆರಿಗೆ ರಜೆ.
ಬೆಂಗ್ರೆಯ ಗಂಡಸರಿಗೆ ಆ ವರ್ಷ
ರಜೆಯ ಜೊತೆಗೆ ವಿಶ್ವಕಪ್ಪೂ ಸಿಕ್ಕಿತು.

ಪುತ್ತುಬಾವ ಮಾತ್ರ ಕೆಲಸ ಬಿಡಲಿಲ್ಲ.
ಹರಿದ ಬಲೆಯನ್ನು ತೊಡೆಯ ಮೇಲೆ ಹರಡಿ
ಕಾಲ ಹೆಬ್ಬೆರಳಿಗೆ ನೂಲು ಸಿಕ್ಕಿಸಿ
ಒಂದೊಂದೇ ಕಣ್ಣು ಕಟ್ಟುತ್ತಿದ್ದ.
ನಮ್ಮ ಹೊಯಿಗೆ ಮೈದಾನದ ಗೋಲಿಗೂ ಅವನದೇ ಬಲೆ,
ಗಾಳಿಮರದ ಎರಡು ಕಂಬ, ಮೇಲೊಂದು ಅಡ್ಡ.
"ಬಂಗುಡೆಯ ಕಣ್ಣು ಹಾಕಿದ್ದೇನೆ.
ಚೆಂಡಿಗೆ ಇಷ್ಟು ಸಣ್ಣದು ಬೇಡ ಮಾರಾಯ,
ನನ್ನ ಕೈಗೆ ಬೇರೆ ಅಳತೆ ಗೊತ್ತಿಲ್ಲ" ಅಂದಿದ್ದ.
ಆ ಬಲೆಯ ಮುಂದೆ ಆರು ವರ್ಷ ನಿಂತವ ನಾನು.
ಬೆನ್ನ ಹಿಂದೆ ಯಾವಾಗಲೂ ಒಣಮೀನಿನ ವಾಸನೆ;
ನನ್ನನ್ನು ದಾಟಿ ಹೋದ ಚೆಂಡನ್ನು
ಬಗ್ಗಿ ಹೆಕ್ಕಿದರೆ ಅದಕ್ಕೂ.

ಫೈನಲಿನ ರಾತ್ರಿ
ಬಲೆ ಶೆಡ್ಡಿನ ತಗಡಿನ ಕೆಳಗೆ ಬಿಳಿ ಪಂಚೆಯ ಪರದೆ.
ನಮ್ಮ ದೇಶ ಅಲ್ಲಿರಲಿಲ್ಲ. ಎಂದೂ ಇರಲಿಲ್ಲ.
ಕರೆಯದ ಮದುವೆಗೆ ಹೊಸ ಅಂಗಿ ಹೊಲಿಸಿಕೊಂಡವರ ಹಾಗೆ
ಅರ್ಧ ಊರು ನೀಲಿ, ಅರ್ಧ ಊರು ಹಳದಿ.
ಲೋಕನಾಥ ಮೆಂಡನ್ ನೀಲಿ, ಅವನ ಮಗ ಹಳದಿ;
ಒಂದೇ ಮನೆಯಿಂದ ಎರಡು ಕೊಡೆ ಹಿಡಿದು
ಎರಡು ದಾರಿಯಲ್ಲಿ ಬಂದರು.
ಐಸ್ ಪ್ಲಾಂಟಿನ ಜಾರ್ಖಂಡದ ಹುಡುಗರು
ಗೆಲ್ಲುವವರು ಯಾರೋ ಅವರೇ ನಮ್ಮವರು ಎಂದು
ಮೊದಲೇ ಹೇಳಿಬಿಟ್ಟಿದ್ದರು.

ನೂರಿಪ್ಪತ್ತು ನಿಮಿಷ ಮುಗಿದರೂ ಸಮಸಮ.
ಪೆನಾಲ್ಟಿ. ಕೊನೆಯವನ ಸರದಿ, ಗೋಲಾದರೆ ಮುಗಿಯಿತು.
ಅವನು ಚೆಂಡೆತ್ತಿ, ಅಂಗಿಗೆ ಒರೆಸಿ, ಹುಲ್ಲಿನ ಮೇಲಿಟ್ಟ.
ಆಗಲೇ ಅಳಿವೆಯ ಕಡೆಯಿಂದ ಗಾಳಿ ಬೀಸಿ
ಕರೆಂಟು ಹೋಯಿತು.

ಕತ್ತಲಲ್ಲಿ ಮೂರು ಭಾಷೆಯ ಬೈಗುಳ.
ಸವಾದನ ಮೊಬೈಲಿನಲ್ಲಿ ಬರುತ್ತಾ ಉಂಟಂತೆ!
ಅಂಗೈಯಗಲದ ಬೆಳಕಿಗೆ ನಲವತ್ತು ತಲೆ ಬಗ್ಗಿದವು.
ಅಲ್ಲಿ ಅವನಿನ್ನೂ ಚೆಂಡೆತ್ತುತ್ತಿದ್ದ. ಒರೆಸುತ್ತಿದ್ದ.

ಅಷ್ಟರಲ್ಲಿ ಹೊಳೆಯಾಚೆ, ಬಂದರಿನ ಕಡೆ,
ಹೋ ಎಂದೊಂದು ಸದ್ದೆದ್ದು
ನೀರ ಮೇಲೆ ಜಾರಿಕೊಂಡು ಬಂತು.
ಅಲ್ಲಿ ಕರೆಂಟಿತ್ತು.

"ಏನಾಯಿತು?"
"ಆಚೆ ಆಗಿದೆ. ಇಲ್ಲಿ ಇನ್ನೂ ಆಗಲಿಲ್ಲ."
ಯಾರೋ ನಕ್ಕರು. ನಗು ಅರ್ಧಕ್ಕೇ ನಿಂತಿತು.
ಆ ಹೋ ಯಾರದು, ನೀಲಿಯದೋ ಹಳದಿಯದೋ?
ಗೆದ್ದವರದೋ, ಬಚಾವಾದವರದೋ?
ಹೊಳೆ ದಾಟಿ ಬಂದ ಕೂಗಿಗೆ ಬಣ್ಣ ಇರುವುದಿಲ್ಲ.

ಮೊಬೈಲಿನಲ್ಲಿ ಗೋಲಿ ಕೈಯಗಲಿಸಿ ನಿಂತಿದ್ದ.
ಆ ಮೊಣಕಾಲಿನ ನಡುಕ ನನಗೆ ಗೊತ್ತು.
ಎಡಕ್ಕೋ ಬಲಕ್ಕೋ, ಇನ್ನೂ ಲೆಕ್ಕ ಹಾಕುತ್ತಿದ್ದ;
ಬಂದರಿನ ಚಾದಂಗಡಿಗೆ ಉತ್ತರ ಗೊತ್ತಿತ್ತು,
ಅವನಿಗೆ ಗೊತ್ತಿರಲಿಲ್ಲ.

ಪಕ್ಕದಲ್ಲಿ, ಕತ್ತಲಲ್ಲೂ,
ಪುತ್ತುಬಾವನ ಸೂಜಿ ನಡೆದಿತ್ತು.
ನೂಲು ಎಳೆಯುವ ಸಣ್ಣ ಸದ್ದು.
"ತಮ್ಮ ಹೋದ ದಿನವೂ ಹೀಗೆಯೇ" ಎಂದ,
ನನಗೆ ಮಾತ್ರ ಕೇಳುವಷ್ಟು.
"ಮಲ್ಪೆಯವರಿಗೆ ವೈರ್‌ಲೆಸ್ಸಿನಲ್ಲಿ ಸಂಜೆಯೇ ಗೊತ್ತಾಗಿತ್ತು.
ಇಲ್ಲಿ ನೆಬಿಸಾ
ಅವನ ಪಾಲಿನ ಬೂತಾಯಿ ಹುರಿದು ಮುಚ್ಚಿಟ್ಟಿದ್ದಳು.
ಬೆಳಗಿನವರೆಗೆ ಆ ಮನೆಯಲ್ಲಿ
ಅವ ಇದ್ದ."

ಮೊಬೈಲಿನವನು ಓಡಿ ಬಂದ.
ನಲವತ್ತು ಜನ ಉಸಿರು ಹಿಡಿದರು.
ಗೋಲಿಯಾದವ ಮಾಡಬಾರದ್ದನ್ನು ನಾನು ಮಾಡಿದೆ,
ಕಣ್ಣು ಮುಚ್ಚಿದೆ.
ಇನ್ನೂ ಸ್ವಲ್ಪ ಹೊತ್ತು ಇಲ್ಲಿ ಆಗದೇ ಇರಲಿ ಅಂತ.

ಗೆದ್ದದ್ದು ಜಾರ್ಖಂಡದ ಹುಡುಗರೇ, ಹೇಳಿದ ಹಾಗೆ.
ಡಬ್ಬ ಬಡಿದು ಕುಣಿದರು. ಮೆಂಡನ್ ಮಗನನ್ನು ಹುಡುಕಿಕೊಂಡು ಹೋದ,
ಒಂದೇ ಕೊಡೆಯಲ್ಲಿ ಮರಳಿದರು.

ಕರೆಂಟು ಬಂದದ್ದು ಮೂರು ಗಂಟೆಗೆ.
ಪುತ್ತುಬಾವ ಬಲೆಯೆತ್ತಿ ಬಲ್ಬಿಗೆ ಹಿಡಿದ.
ಕತ್ತಲಲ್ಲಿ ಕಟ್ಟಿದ ಏಳು ಕಣ್ಣಿನಲ್ಲಿ
ಎರಡು ದೊಡ್ಡದಾಗಿಬಿಟ್ಟಿದ್ದವು.
ನನ್ನ ಮುಖ ನೋಡಲಿಲ್ಲ,
ಹಲ್ಲಿನಿಂದ ಗಂಟು ಕಚ್ಚಿ
ಬಿಚ್ಚತೊಡಗಿದ.